ಗಾಳ ಕಟ್ಟದ ಕೋಲು

ನಮ್ಮ ಮನೆಯವರು ಸಮುದ್ರದ ದಂಡೆಯಲ್ಲಿ ನಿಂತು ಗಾಳದ ಕೋಲು ಬೀಸುತ್ತಾರೆ ಎಂಬ ಸುದ್ದಿ ಆದೋನಿಗೆ ಮುಟ್ಟಿದ ದಿನ ನಮ್ಮ ಅತ್ತೆಯವರು ಊಟ ಬಿಟ್ಟರು. ಪೂಜೆ, ಪಾಠ, ಮಡಿ ಎಂದು ಬಾಳಿದ ವೈಷ್ಣವರ ಮನೆ. ಮಗ ಕಚೇರಿ ಕೆಲಸಕ್ಕೆಂದು ಕಾಕಿನಾಡದವರೆಗೆ ಹೋದದ್ದೇ ಅವರಿಗೆ ಹೆಚ್ಚಾಗಿತ್ತು. ಫೋನಿನಲ್ಲಿ ಅತ್ತದ್ದು, ಬೈದದ್ದು ಎಲ್ಲ ನನಗೆ. ಮಗನ ಹತ್ತಿರ ಮಾತ್ರ ಹವಾಮಾನದ ವಿಷಯ ಮಾತಾಡಿ ಇಟ್ಟುಬಿಟ್ಟರು.

ನಿಜ ಹೇಳಬೇಕೆಂದರೆ ಇವರು ಒಂದು ಮೀನನ್ನೂ ಹಿಡಿದವರಲ್ಲ. ಸಂಜೆ ಕಚೇರಿ ಮುಗಿಸಿ ದಂಡೆಗೆ ತಿರುಗಾಡಲು ಹೋದಾಗ, ಬೆಸ್ತರ ಮುದುಕನೊಬ್ಬ ಉದ್ದನೆಯ ಬಿದಿರಿನ ಕೋಲನ್ನು ಬೆನ್ನ ಹಿಂದಕ್ಕೆ ಚಾಚಿ, ಇಡೀ ಮೈ ತಿರುಗಿಸಿ ಬೀಸುವುದನ್ನು ಕಂಡು ಮರುಳಾದರು. ಕೋಲಿನ ಬುಡಕ್ಕೆ ಕಟ್ಟಿಗೆಯ ರೀಲು. ಸೀಸದ ಗುಂಡು ಹಾರುವಾಗ ಗಿರಗಿರ ತಿರುಗುವ ಆ ರೀಲನ್ನು ಹೆಬ್ಬೆರಳಿನಿಂದ ಸವರಿ ಹಿಡಿತದಲ್ಲಿಡಬೇಕು. ಒಂಚೂರು ತಡವಾದರೂ ದಾರವೆಲ್ಲ ಗೋಜಲು. ಇವರು ಆ ಮುದುಕನ ಬೆನ್ನು ಬಿದ್ದು ಕಲಿತರು, ಹೆಬ್ಬೆರಳು ಸುಲಿಸಿಕೊಂಡರು. ಆದರೆ ಗಾಳ ಮಾತ್ರ ಕಟ್ಟಲಿಲ್ಲ. ದಾರದ ತುದಿಗೆ ಬರೀ ಸೀಸದ ಗುಂಡು. ಬೀಸುವುದು, ಅದು ಅಲೆಗಳಾಚೆ ಬೀಳುವುದನ್ನು ನೋಡುವುದು, ಸುತ್ತಿಕೊಳ್ಳುವುದು, ಮತ್ತೆ ಬೀಸುವುದು.

"ಜೀವ ತೆಗಿಯೋದು ನಮ್ಮ ಕೈಲೆ ಆಗಂಗಿಲ್ಲ. ದೂರ ಒಗಿಯೋದರಾಗ ಏನು ದೋಷ ಅದ ಹೇಳು?" ಎನ್ನುತ್ತಿದ್ದರು.

ದಂಡೆಯ ಜನ ಇವರನ್ನು "ಗಾಲಂ ಲೇನಿ ಪಂತುಲುಗಾರು" ಎಂದು ಕರೆಯುತ್ತಿದ್ದರು, ಗಾಳವಿಲ್ಲದ ಪಂಡಿತರು ಎಂದು. ಇವರಿಗೆ ಅದು ಬಿರುದು ಸಿಕ್ಕಷ್ಟು ಸಂತೋಷ. ನನಗೋ, ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

ನಿವೃತ್ತಿಯಾಗಿ ಆದೋನಿಗೆ ಮರಳಿದಾಗ ಪಾತ್ರೆಪಗಡೆಗಳ ಜೊತೆ ಆ ಕೋಲೂ ಬಂತು. ಇಲ್ಲಿ ಸಮುದ್ರ ಎಲ್ಲಿಯದು? ನದಿಯೆಂದರೆ ನಂದವರಂ ದಾಟಿ ಹೋಗಬೇಕು. ಅದಕ್ಕೂ ಇವರು ಉಪಾಯ ಹುಡುಕಿದರು. ಆಸ್ಪರಿ ದಾರಿಯಲ್ಲಿ ಪರಿಚಯದವರದೊಂದು ಹೊಲವಿತ್ತು. ಶೇಂಗಾ ಕಿತ್ತ ಮೇಲೆ ಅದು ಬಯಲಾಗಿ ಬಿದ್ದಿರುತ್ತದೆ. ಸಂಜೆ ಅಲ್ಲಿಗೆ ಹೋಗಿ, ದೂರದಲ್ಲಿ ತಮ್ಮ ಬಿಳಿ ಟವೆಲ್ಲು ಹಾಸಿ ಬಂದು, ಅದಕ್ಕೆ ಗುರಿಯಿಟ್ಟು ಬೀಸುವುದು. ನಾನು ಬದುವಿನ ಮೇಲೆ ಕೂತು ದೇವರಿಗೆ ಹೂಬತ್ತಿ ಹೊಸೆಯುವುದು. ಹತ್ತಿಯ ಊರಿನವಳಿಗೆ ಬತ್ತಿಗೇನು ಬರ? ದಾರಿಹೋಕರು ನಮ್ಮನ್ನು ಹುಚ್ಚರೆಂದೇ ತಿಳಿದಿರಬೇಕು.

ಅಷ್ಟರಲ್ಲಿ ಇವರ ಕಣ್ಣು ಹೋಗತೊಡಗಿತು. ಲೋಟಕ್ಕೆ ಕೈ ಚಾಚಿದರೆ ಪಕ್ಕದ ಗಾಳಿಗೆ ಹೋಗುತ್ತಿತ್ತು. ಹೊಸಿಲ ರಂಗೋಲಿ ತುಳಿದು ಬರುತ್ತಿದ್ದರು. ಕರ್ನೂಲಿನಲ್ಲಿ ತೋರಿಸಿದೆವು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ಆಮೇಲೆ ಇವರು ಪಂಚಾಂಗ ಓದುವುದು ಬಿಟ್ಟರು, ಪಾರಾಯಣ ಬಿಟ್ಟರು. ಕೋಲು ಮಾತ್ರ ಬಿಡಲಿಲ್ಲ.

"ಕಾಣಸ್ತದೇನ್ರಿ ಖರೇನ?" ಎಂದು ಕೇಳಿದರೆ, "ಟವೆಲ್ಲು ಬೆಳ್ಳಗ ಕಾಣಸ್ತದ. ಇನ್ನೇನು ಬೇಕು? ಇದೊಂದರ ಇರಲಿ ಬಿಡು ನನಗ" ಎಂದರು.

ಹಾಗಂದವರ ಕೈಯಿಂದ ಕೋಲು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಸಾಯಂಕಾಲದ ಆ ಒಂದು ಗಳಿಗೆಯಲ್ಲಿ ಮಾತ್ರ ಅವರು ಮೊದಲಿನಂತೆ ನೆಟ್ಟಗೆ ನಿಲ್ಲುತ್ತಿದ್ದರು.

ಆ ದಿನ ಹೊಲದ ಆ ಕೊನೆಯಲ್ಲಿ ಬೇವಿನ ಮರದ ಕೆಳಗೆ ಕುರಿಮಂದೆ ನಿಂತಿತ್ತು. ದೂರವೇ ಇತ್ತು, ಟವೆಲ್ಲು ಹಾಸಿದ್ದು ಈ ಕಡೆಗೆ. ನಾನು ತಲೆ ತಗ್ಗಿಸಿ ಬತ್ತಿ ಹೊಸೆಯುತ್ತಿದ್ದೆ. ಕೋಲು ಗಾಳಿ ಸೀಳಿದ ಸದ್ದು, ರೀಲಿನ ಗಿರಗಿರ, ಆಮೇಲೆ ಗುಂಡು ಬಿದ್ದ ಸದ್ದು. ಒಣಮಣ್ಣಿಗೆ ಬಿದ್ದರೆ ಆಗುವ ಸದ್ದಲ್ಲ ಅದು.

"ಸರಿಯಾಗಿ ಬಿತ್ತು ನೋಡು!" ಎಂದರು ಇವರು ಖುಷಿಯಿಂದ.

ಸರಿಯಾಗಿಯೇ ಬಿದ್ದಿತ್ತು. ಟವೆಲ್ಲನ್ನು ಗಾಳಿ ಯಾವಾಗಲೋ ಮಡಿಚಿ ಬದುವಿಗೆ ಒತ್ತಿತ್ತು. ಅದನ್ನು ಹಾಸಿದ್ದ ಜಾಗದಲ್ಲಿ ಒಂದು ಬಿಳಿ ಕುರಿಮರಿ, ಮಂದೆ ಬಿಟ್ಟು ಬಂದು ಬಿಸಿಲಿಗೆ ಕಾಲು ಮಡಿಚಿ ಮಲಗಿತ್ತು. ಗುಂಡು ತಲೆಗೇ ತಗುಲಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಅದರ ಕಾಲು ಆಡುವುದು ನಿಂತಿತು.

ಇವರು ದಾರ ಹಿಡಿದುಕೊಂಡೇ ತಡವರಿಸುತ್ತ ಬಂದರು. ಬಗ್ಗಿ ಟವೆಲ್ಲು ಎತ್ತಿಕೊಳ್ಳಲು ಕೈ ಚಾಚಿದವರಿಗೆ ಬೆಚ್ಚನೆಯ ಉಣ್ಣೆ ಸಿಕ್ಕಿತು. ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಹಾಗೇ ಅದರ ಮೈ ಮೇಲೆ ಇಟ್ಟುಕೊಂಡು ಕುಸಿದು ಕೂತರು.

ಕುರಿಯವನು ಬಂದ. ಬೈಯುತ್ತಾನೆ, ಬಡಿಗೆ ಎತ್ತುತ್ತಾನೆ ಎಂದುಕೊಂಡೆ. ಆತ ಕೋಲು ನೋಡಿದ, ರೀಲು ನೋಡಿದ, ಸುತ್ತಲಿನ ಬಯಲು ನೋಡಿದ.

"ಏನ್ ಹಿಡೀತಿದ್ರಿ ಸ್ವಾಮೇರ? ಇಲ್ಲಿ ನೀರಾ ಇಲ್ಲಲ್ರಿ."

"ಏನೂ ಇಲ್ಲಪ್ಪಾ" ಎಂದರು ಇವರು. "ಏನೂ ಹಿಡೀತಿದ್ದಿಲ್ಲ."

ಆತನಿಗೆ ಅರ್ಥವಾಗಲಿಲ್ಲ. ಯಾರಿಗೆ ತಾನೆ ಆದೀತು? ಇವರ ಕಣ್ಣಿನ ವಿಷಯ ನಾನು ಹೇಳಿದೆ. "ಹೋಗ್ಲಿ ಬಿಡ್ರಿ ಅಮ್ಮಾರ. ತೋಳ ಒಯ್ದಿದ್ರ ಏನ್ ಮಾಡಾಕ ಆಗ್ತಿತ್ತು?" ಎಂದು ಮರಿಯನ್ನು ಹೆಗಲಿಗೆ ಹಾಕಿಕೊಂಡು ಹೋದ. ಅದರ ತಾಯಿ ಮಾತ್ರ ಮಂದೆಯ ಜೊತೆ ಹೋಗಲಿಲ್ಲ. ಮರಿ ಮಲಗಿದ್ದ ಜಾಗಕ್ಕೆ ಬಂದು ಮಣ್ಣು ಮೂಸಿತು, ಒದರಿತು. ಆತ ಎರಡು ಸಲ ಅಟ್ಟಿಕೊಂಡು ಹೋದರೂ ತಿರುಗಿ ಬಂತು. ಇವರು ಕಿವಿಯಾನಿಸಿ ಕೂತೇ ಇದ್ದರು. ನನಗೆ ದೇವರ ಮೇಲೆ ಕೆಟ್ಟ ಸಿಟ್ಟು ಬಂತು. ಜೀವಮಾನವೆಲ್ಲ ಒಂದು ಮೀನಿನ ಬಾಯಿ ನೋಯಿಸದವರಿಗೆ ಇದನ್ನು ಕೊಡಬೇಕಿತ್ತೇ?

ಮರುದಿನ ಕುರಿಯವನೇ ಮನೆಯ ತನಕ ಬಂದು, ನಾವು ಹೊಲದಲ್ಲಿ ಬಿಟ್ಟು ಬಂದಿದ್ದ ಕೋಲನ್ನು ಕೊಟ್ಟುಹೋದ. ಸೀಸದ ಗುಂಡನ್ನು ತೊಳೆದು ತಂದಿದ್ದ. ಇವರು ಎದ್ದು ಒಳಗೆ ಹೋದರು. ನಾನು ಅದನ್ನು ಅಟ್ಟಕ್ಕೆ ಹಾಕಿದೆ.

ಈಗ ಬೆಳಕು, ಕತ್ತಲೆ ಎನ್ನುವುದು ಬಿಟ್ಟರೆ ಇವರಿಗೆ ಏನೂ ಕಾಣುವುದಿಲ್ಲ. ನಮ್ಮ ಮನೆ ಊರ ಅಂಚಿನಲ್ಲಿದೆ. ಸಂಜೆ ಮಂದೆಗಳು ಬಾಗಿಲ ಮುಂದೆಯೇ ಹಾದು ಹೋಗುತ್ತವೆ. ಗಂಟೆಯ ಸದ್ದು ಕೇಳಿದ ಕೂಡಲೇ ಕಟ್ಟೆಯಿಂದ ಎದ್ದು ನಿಲ್ಲುತ್ತಾರೆ.

"ಅದರ ತಾಯಿ ಅದ ಏನು, ನೋಡು."

"ಇಲ್ಲರೀ" ಎನ್ನುತ್ತೇನೆ. ನನಗೆ ಎಲ್ಲ ಕುರಿಗಳೂ ಒಂದೇ.

"ಅದ. ನನಗ ಅದರ ದನಿ ಗೊತ್ತದ" ಎನ್ನುತ್ತಾರೆ. ಕೊನೆಯ ಕುರಿ ದಾಟುವ ತನಕ ನಿಂತೇ ಇರುತ್ತಾರೆ.