ಉಸಿರಿಗೆ ಕಿವಿಗೊಟ್ಟು ಕೂತವರು

ಮೇಡಂ ಮತ್ತು ನಾನು ಬಳ್ಳಾರಿಯ ಒಂದೇ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರಾಗಿದ್ದೆವು. ನಾನು ಮಾನಿಟರಿನ ಅಂಕಿ ನೋಡುತ್ತಿದ್ದೆ. ಮೇಡಂ ರೋಗಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಉಸಿರಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದರು. "ನಾ ಇಲ್ಲೇ ಅದೀನಿ" ಎನ್ನುವುದು ಅವರ ಮಾತು. ಕಷ್ಟದ ಆಪರೇಷನ್ನಿಗೆ ಸರ್ಜನ್ನರು ಅವರನ್ನೇ ಕೇಳುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ಸಿರಿಗೇರಿಯ ಮೇಷ್ಟ್ರೊಬ್ಬರ ಮಿದುಳಿನಲ್ಲಿ ಮಾತಿನ ಭಾಗಕ್ಕೆ ಅಂಟಿದ್ದ ಗಡ್ಡೆ ತೆಗೆಯಬೇಕಿತ್ತು; ಮೇಡಂ ಜೊತೆ ನಾನೂ ಇದ್ದೆ. ಅವರ ಮಾತು ಉಳಿಯಬೇಕಾದರೆ ಆಪರೇಷನ್ನಿನ ನಡುವೆ ಎಚ್ಚರಿಸಿ ಮಾತಾಡಿಸಬೇಕು. ಅದಕ್ಕೂ ಮೊದಲೇ, ಮಂಪರಿನಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಕಟ್ಟಿ, ಮಾನಿಟರಿನಲ್ಲಿ ಆಮ್ಲಜನಕದ ಅಂಕಿ ತೊಂಬತ್ತಕ್ಕಿಂತ ಕೆಳಗಿಳಿಯಿತು.

"ಗಂಟಲಿಗೆ ಟ್ಯೂಬ್ ಹಾಕಿಬಿಡೋಣ್ರಿ ಮೇಡಂ" ಎಂದೆ. ಹಾಕಿದ್ದರೆ ಮಾತಾಡಿಸುವ ದಾರಿಯೇ ಮುಚ್ಚಿಹೋಗುತ್ತಿತ್ತು.

"ಸ್ವಲ್ಪ ತಡೀರಿ" ಎಂದ ಮೇಡಂ ಮಂಪರಿನ ಔಷಧಿ ನಿಲ್ಲಿಸಿದರು. ಎರಡೂ ಕೈಗಳಿಂದ ಮೇಷ್ಟ್ರ ದವಡೆಯನ್ನು ಮುಂದಕ್ಕೆತ್ತಿ ಹಿಡಿದು, ಕಿವಿಯ ಬಳಿ ಬಾಗಿದರು. "ಮಾಸ್ತರ್ರಿ, ಉಸಿರು ಎಳಕೋರಿ. ನಾ ಇಲ್ಲೇ ಅದೀನಿ."

ಅಂಕಿ ನಿಧಾನವಾಗಿ ಏರಿತು. ಆಮೇಲೆ ಕಣ್ಣು ಬಿಟ್ಟ ಮೇಷ್ಟ್ರು, ಸರ್ಜನ್ ಗಡ್ಡೆ ಬಿಡಿಸುತ್ತಿದ್ದಷ್ಟು ಹೊತ್ತೂ, ತಮ್ಮ ತರಗತಿಯ ಮಕ್ಕಳ ಹೆಸರು ಹೇಳುತ್ತಲೇ ಇದ್ದರು.

ಎಲ್ಲರೂ ಮೇಡಂ ಅವರನ್ನು ಹೊಗಳಿದರು. ನಾನೂ ಹೊಗಳಿದೆ. ಆದರೆ ಅವರು ದವಡೆ ಹಿಡಿದು ನಿಂತ ಆ ಗಳಿಗೆಯಲ್ಲಿ, ಅಂಕಿ ಏರದಿರಲಿ ಎಂದು ನಾನು ಬಯಸಿದ್ದೆ. ಇದನ್ನು ಅವರಿಗೆ ಹೇಳಲು ನನ್ನಿಂದ ಕೊನೆಗೂ ಆಗಲಿಲ್ಲ.