ಎರಡು ದಡಕ್ಕೂ ಒಂದೇ ಚೀಟಿ

ಬೆಳಗಿನ ಐದೂವರೆ. ಗಡಿ ಸೇತುವೆಯ ಈಚೆ ದಡದಲ್ಲಿ ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟಿವೆ. ಮೊದಲ ಲಾರಿಯ ಮೂಟೆಗಳ ಮೇಲೆ ಕುಕ್ಕರಗಾಲಲ್ಲಿ ಕೂತ ಐವತ್ತೆರಡರ ಹೆಂಗಸು ಚೂಪು ತುದಿಯ ಕೊಳವೆಯೊಂದನ್ನು ಚೀಲಕ್ಕೆ ಚುಚ್ಚುತ್ತಾರೆ. ಅಂಗೈಗೆ ಜಾರಿದ ಕಾಳುಗಳಲ್ಲಿ ಒಂದನ್ನು ಹಲ್ಲಿಗಿಟ್ಟು ಕಟುಕ್ಕೆನ್ನಿಸುತ್ತಾರೆ.

"ಒಣಗಿದೆ. ಆದ್ರೂ ತೇವ ಅಳೆಯೋ ಯಂತ್ರಾನೂ ಒಂದು ಮಾತು ಕೇಳ್ಬೇಕು. ನನ್ನ ಹಲ್ಲಿಗೆ ಸರ್ಕಾರ ಇನ್ನೂ ಮೊಹರು ಕೊಟ್ಟಿಲ್ವಲ್ಲ!"

ಕೆಳಗೆ ನಿಂತ ಚಾಲಕ ನಗುತ್ತಾನೆ. ಚಾಲಕರಿಗೆಲ್ಲ ಇವರು 'ಜೋಳದಕ್ಕ'. ಧಾನ್ಯ ಪರೀಕ್ಷೆಯ ಕಚೇರಿಯಲ್ಲಿ ಇಪ್ಪತ್ಮೂರು ವರ್ಷಗಳಿಂದ ಇದೇ ಕೆಲಸ. ಜೋಳದ ತೇವಾಂಶ ಶೇಕಡಾ ಹದಿನಾಲ್ಕು ದಾಟಿದರೆ ಬೂಷ್ಟು ಹಿಡಿಯುತ್ತದೆ. ದಾಟಿಲ್ಲವೆಂದು ಇವರು ಚೀಟಿ ಬರೆದರೆ ಲಾರಿ ಸೇತುವೆ ಹತ್ತಬಹುದು.

ಮನೆಯಲ್ಲಿ ಮೂವರು. ಇದೇ ಲಾರಿ ಅಂಗಳದಲ್ಲಿ ಮೂಟೆ ಹೊರುತ್ತಿದ್ದ ಗಂಡ ಸೊಂಟ ಕೈಕೊಟ್ಟ ಮೇಲೆ ಅಡುಗೆಮನೆ ವಹಿಸಿಕೊಂಡಿದ್ದಾರೆ. ಅತ್ತೆಗೆ ಸೊಸೆಯ ಕೆಲಸ ಇಂದಿಗೂ ಸೋಜಿಗ. "ಜೋಳ ಮುಟ್ಟಿ ನೋಡೋಕೂ ಸಂಬಳ ಕೊಡ್ತಾರೇನೇ?" ಎಂದು ಕೇಳುತ್ತಲೇ ಇರುತ್ತಾರೆ.

ನಾಲ್ಕು ವರ್ಷದ ಹಿಂದೆ ಈ ನಗು ಇರಲಿಲ್ಲ. ಇಲ್ಲಿ ಪಾಸಾದ ಜೋಳ ಆಚೆ ದೇಶದ ಪರೀಕ್ಷೆಯಲ್ಲಿ ಫೇಲಾಗುತ್ತಿತ್ತು. ಲಾರಿಗಳು ದಿನಗಟ್ಟಲೆ ಅಲ್ಲೇ ನಿಲ್ಲುತ್ತಿದ್ದವು. ಟಾರ್ಪಾಲಿನಡಿ ಬೆವತ ಜೋಳ ಕೊನೆಗೆ ನಿಜವಾಗಿಯೂ ಕೆಡುತ್ತಿತ್ತು. "ಅವರು ಮೋಸಗಾರರು ಅಂತ ನಾವು, ನಾವೇ ಮೋಸಗಾರರು ಅಂತ ಅವರು," ಎನ್ನುತ್ತಾರೆ ಜೋಳದಕ್ಕ.

ಒಮ್ಮೆ, ಆಚೆ ದಡದಲ್ಲಿ ಆರು ದಿನ ಕಾದು ವಾಪಸಾದ ಚಾಲಕನೊಬ್ಬ ಇವರ ಮುಂದೆ ಮುಷ್ಟಿ ಬಿಚ್ಚಿದ. "ಅಕ್ಕಾ, ನೀವೇ ಪಾಸ್ ಮಾಡಿದ್ದಲ್ವಾ? ನೋಡಿ, ಮೊಳಕೆ ಬಂದಿದೆ."

ಆ ಮಧ್ಯಾಹ್ನವೇ ಇವರು ನೇರ ಮೇಲಧಿಕಾರಿಯ ಬಳಿ ಹೋಗಿ, ಆಚೆ ದಡಕ್ಕೆ ಹೋಗಿ ಬರುತ್ತೇನೆ ಎಂದರು. "ಹೋಗಿ ಬನ್ನಿ, ಜಗಳ ಮಾತ್ರ ಆಡ್ಬೇಡಿ," ಎಂದರು ಅವರು. ಮರುದಿನ ಬೆಳಿಗ್ಗೆ ಜೋಳದಕ್ಕ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಸೇತುವೆ ದಾಟಿದರು.

ಅಲ್ಲಿನ ಪರೀಕ್ಷಕರು ದಪ್ಪ ಕನ್ನಡಕದ, ಮಿತಮಾತಿನ ಮನುಷ್ಯ. ಇಬ್ಬರೂ ಒಂದೇ ಬೊಗಸೆ ಜೋಳವನ್ನು ಎರಡೂ ಯಂತ್ರಕ್ಕೆ ಸುರಿದರು. ಇವರದು ಹದಿಮೂರು ಎಂದಿತು, ಅವರದು ಹದಿನಾಲ್ಕೂವರೆ. ಯಾರದು ನಿಜ? ಜೋಳವನ್ನು ಪುಡಿಮಾಡಿ, ತೂಗಿ, ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗಿದರು; ಇಳಿದ ತೂಕವೇ ನಿಜವಾದ ತೇವಾಂಶ. ಅದಕ್ಕೆ ನಾಲ್ಕು ತಾಸು. ಅಷ್ಟರಲ್ಲಿ ಇಬ್ಬರೂ ಒಬ್ಬರ ಬುತ್ತಿ ಇನ್ನೊಬ್ಬರು ತಿಂದು ಮುಗಿಸಿದ್ದರು.

ಉತ್ತರ: ಹದಿಮೂರು ಪಾಯಿಂಟ್ ಆರು. ಎರಡೂ ಯಂತ್ರ ತಪ್ಪು!

"ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಮೊದಲು ಅವರೇ ನಕ್ಕಿದ್ದು. ಆಮೇಲೆ ನಗು ತಡೆಯೋಕೇ ಆಗ್ಲಿಲ್ಲ."

ವರದಿಯಲ್ಲಿ ಆಚೆಯವರ ತಪ್ಪನ್ನಷ್ಟೇ ಬರೆ, ಇಲ್ಲದಿದ್ದರೆ ಕೆಲಸಕ್ಕೇ ಕುತ್ತು ಎಂದು ಸಹೋದ್ಯೋಗಿಗಳು ಹೆದರಿಸಿದರು. ಜೋಳದಕ್ಕ ಎರಡನ್ನೂ ಬರೆದರು. "ನಮ್ಮ ತಪ್ಪು ಮುಚ್ಚಿಟ್ರೆ ನಮ್ಮ ಮಾತನ್ನ ಅವರ್ಯಾಕೆ ನಂಬ್ತಾರೆ ಹೇಳಿ?"

ಕೆಲಸಕ್ಕೆ ಕುತ್ತೇನೂ ಬರಲಿಲ್ಲ. ಎರಡು ದೇಶಗಳ ಅಧಿಕಾರಿಗಳು ವರ್ಷಗಳಿಂದ ಎಳೆದಾಡುತ್ತಿದ್ದ ಒಪ್ಪಂದಕ್ಕೆ ಆ ಒಂದೂವರೆ ಪುಟದ ವರದಿ ಆಧಾರವಾಯಿತು. ಈಗ ತಿಂಗಳ ಮೊದಲ ಸೋಮವಾರ ಎರಡೂ ಕಡೆಯ ಯಂತ್ರಗಳನ್ನು ಜೊತೆಗಿಟ್ಟು ಸರಿಹೊಂದಿಸುತ್ತಾರೆ. ಒಂದು ಕಡೆ ಬರೆದ ಚೀಟಿ ಇನ್ನೊಂದು ಕಡೆಯೂ ನಡೆಯುತ್ತದೆ. ಮೊದಲೆಲ್ಲ ದಿನಕ್ಕೆ ಎಂಟು ಲಾರಿ ದಾಟಿದರೆ ಹೆಚ್ಚು. ಈಗ ನಲವತ್ತಕ್ಕೆ ಕಡಿಮೆಯಿಲ್ಲ. ಮುಂದಿನ ತಿಂಗಳು ಮೂರನೆಯ ನೆರೆದೇಶವೂ ಸೇರುತ್ತಿದೆ. ಅಲ್ಲಿಂದ ಬರುವ ಹತ್ತು ಪರೀಕ್ಷಕರಿಗೆ ಕಲಿಸುವ ಹೊಣೆ ಇವರದೇ.

ಹತ್ತಕ್ಕೆ ಬೆಳಗಿನ ಸಾಲು ಕರಗಿದೆ. ಇನ್ನೇನು ಆಸೆ ಎಂದು ಕೇಳಿದರೆ ಸೆರಗಿನ ಜೋಳದ ಹೊಟ್ಟು ಕೊಡವುತ್ತ ಯೋಚಿಸುತ್ತಾರೆ.

"ಆಚೆ ಊರಲ್ಲಿ ದೊಡ್ಡ ಹಿಟ್ಟಿನ ಗಿರಣಿ ಇದೆಯಂತೆ. ಬೆಳಿಗ್ಗೆ ಬಾಗಿಲು ತೆರೆಯೋ ಹೊತ್ತಿಗೆ ಹೋಗಿ ನಿಂತ್ಕೋಬೇಕು. ಹಿಟ್ಟು ತಗೊಂಡು ಹೋಗೋರನ್ನ ಸುಮ್ನೆ ನೋಡ್ಬೇಕು. ಇಷ್ಟು ವರ್ಷ ಕಳಿಸಿದ್ದು ಯಾರ ಮನೆಗೆ ಹೋಗುತ್ತೆ ಅಂತ ನಾನಿನ್ನೂ ನೋಡೇ ಇಲ್ಲ."