ಕಿಟಕಿಯ ಮೇಲಿನ ಪಟ್ಟಿ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಬಂಗುಡೆ ಕೊಳ್ಳುವಾಗ ಕಿವಿರು ಎತ್ತಿ ನೋಡದೆ ಚೀಲಕ್ಕೆ ಹಾಕಿಸಿದವನಲ್ಲ. ಹಾಗಿರುವಾಗ ಹೆಂಡತಿಯ ತಮ್ಮನನ್ನು ಮಾತ್ರ ಯಾಕೆ ಬಿಡಬೇಕು?

ಕಾಪುವಿನ ನಮ್ಮ ಮನೆಯ ಪಡುಬದಿಯಲ್ಲಿ, ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಒಂದು ಬೇ ವಿಂಡೋ ಇದೆ. ಇಲ್ಲಿಯ ಮಳೆ ಮೇಲಿಂದ ಬೀಳುವುದಕ್ಕಿಂತ ಕಡಲ ಕಡೆಯಿಂದ ಅಡ್ಡ ಬಂದು ಹೊಡೆಯುವುದೇ ಹೆಚ್ಚು. ಕಿಟಕಿಯ ಮೇಲಿನ ಪುಟ್ಟ ಮಾಡು ಗೋಡೆಗೆ ಸೇರುವಲ್ಲಿ ನೀರು ಒಳಗಿಳಿಯುತ್ತಿತ್ತು. ಭಾವಮೈದುನ ದುಬೈಯಲ್ಲಿ ಅಲ್ಯೂಮಿನಿಯಂ ಕೆಲಸ ಕಲಿತು ಬಂದು ಈಗ ಕಾರ್ಕಳದಲ್ಲಿ ಅದನ್ನೇ ಮಾಡುತ್ತಾನೆ. ಕಳೆದ ವರ್ಷ ಮಳೆಗೆ ಮೊದಲು ಅವನೇ ಬಂದು ಗೋಡೆಯಲ್ಲಿ ಗೆರೆ ಕೊರೆದು, ತಗಡಿನ ಪಟ್ಟಿಯ ಅಂಚನ್ನು ಅದರೊಳಗೆ ಸಿಕ್ಕಿಸಿ, ಉಳಿದದ್ದನ್ನು ಮಾಡಿನ ಮೇಲೆ ಮಡಚಿ ಕೂರಿಸಿದ. ಸಂದಿಗೆ ನೀರಿಳಿಯದಂತೆ ತಡೆಯುವ ಇದಕ್ಕೆ ಫ್ಲಾಶಿಂಗ್ ಎಂದ. ನಾನು ಕೆಳಗೆ ನಿಂತು ಒಂದೊಂದು ಸ್ಕ್ರೂವಿನ ಮೇಲೂ ಕಣ್ಣಿಟ್ಟಿದ್ದೆ. ಬೆರಳಲ್ಲಿ ತಟ್ಟಿದಾಗ ತಗಡಿನ ಸದ್ದು ತೆಳ್ಳಗೆ ಕೇಳಿಸಿತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಆ ಮಳೆಗಾಲ ಹನಿ ನೀರೂ ಬರಲಿಲ್ಲ. ಈ ಜೂನಿನ ಮೊದಲ ಗಾಳಿಮಳೆಗೇ ಗೋಡೆ ಒದ್ದೆಯಾಯಿತು. ನನ್ನ ಅನುಮಾನಕ್ಕೆ ಇನ್ನೇನು ಬೇಕು? ಭಾನುವಾರ ಅವನು ಹೆಂಡತಿ ಮಕ್ಕಳೊಂದಿಗೆ ಬಂದಾಗ ಎಲ್ಲರೆದುರೇ ಕೇಳಿಬಿಟ್ಟೆ.

"ಯಾರದೋ ಕೆಲಸದಲ್ಲಿ ಉಳಿದ ತಗಡನ್ನು ಅಕ್ಕನ ಮನೆಗೆ ಹಾಕಿದ್ದಲ್ವಾ?"

"ಎಂತ ಮಾತು ಬಾವ ಇದು?" ಎಂದವನು ಎದುರಿಗಿಟ್ಟ ಚಾ ಮುಟ್ಟದೆ ಎದ್ದುಹೋದ.

ಆಮೇಲೆ ಅವನು ಬರಲಿಲ್ಲ, ಫೋನೂ ಮಾಡಲಿಲ್ಲ. ಹೆಂಡತಿಗೆ ತವರೆಂದು ಉಳಿದಿರುವುದು ಆ ಒಬ್ಬ ತಮ್ಮ. ಅವಳು ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡತೊಡಗಿದಳು. ಒಳಗೊಳಗೇ ಹೆದರಿಕೆಯಾಗುತ್ತಿತ್ತು, ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಮಳೆ ಬಿಟ್ಟ ಒಂದು ಬೆಳಿಗ್ಗೆ, ತಗಡಿನ ತೂತುಗಳ ಫೋಟೋ ತೆಗೆದು ಅವನಿಗೇ ಕಳುಹಿಸೋಣವೆಂದು ಏಣಿ ಹತ್ತಿದೆ.

ತಗಡು ಗಟ್ಟಿಯಾಗಿಯೇ ಇತ್ತು. ಅದರ ನಟ್ಟನಡುವೆ ಮಾತ್ರ ತುಕ್ಕು ಹಿಡಿದ ಒಂದು ಮೊಳೆ, ಮೊಳೆಗೆ ಸುತ್ತಿದ ತುಂಡು ತಂತಿ. ಕ್ರಿಸ್‌ಮಸ್‌ಗೆ ನಕ್ಷತ್ರ ಕಟ್ಟಿದ ತಂತಿ ಅದು. ನಕ್ಷತ್ರ ರಸ್ತೆಗೆ ಕಾಣಬೇಕೆಂದು ಭಾವಮೈದುನನೇ ಹತ್ತಿ, ತಾನೇ ಕೂರಿಸಿದ ಪಟ್ಟಿಗೆ ಮೊಳೆ ಹೊಡೆದಿದ್ದ. ಡಿಸೆಂಬರಿನಲ್ಲಿ ಯಾರಿಗೆ ಮಳೆಯ ನೆನಪು?

ಇಳಿದವನು ಗೆದ್ದವನಂತೆ ಹೆಂಡತಿಗೆ ಹೇಳಿದೆ: "ತೂತು ಮಾಡಿದ್ದು ನಿನ್ನ ತಮ್ಮನೇ."

"ಹೌದು. ಏಣಿ ಹಿಡಿದದ್ದು ಯಾರು? ಇನ್ನೂ ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಅಂತ ಹೇಳಿದ್ದು ಯಾರು ಮಾರಾಯ್ರೆ?"

ಎಲ್ಲ ಸ್ಕ್ರೂಗಳನ್ನೂ ಕಾದವನು ಆ ಮೊಳೆಯನ್ನು ಮಾತ್ರ ಅನುಮಾನಿಸಿರಲಿಲ್ಲ. ನಾಚಿಕೆಯಾಯಿತು. ಕಾರ್ಕಳಕ್ಕೆ ಫೋನ್ ಮಾಡಿ ಮೊಳೆಯ ವಿಷಯ ಹೇಳಿದೆ, ನಾನು ಹಾಗೆ ಮಾತಾಡಬಾರದಿತ್ತು ಎಂದೂ ಹೇಳಿದೆ.

ಸಂಜೆ ಭಾವಮೈದುನ ತೂತು ಮುಚ್ಚುವ ಸೀಲೆಂಟ್ ಟ್ಯೂಬ್ ಹಿಡಿದುಕೊಂಡು ಬಂದ. ನಾನು ಏಣಿ ತರಲು ಹೊರಟರೆ, ಅವನು ಒದ್ದೆ ಗೋಡೆಯ ಪಕ್ಕ ಕುರ್ಚಿ ಎಳೆದು ಕುಳಿತ.

"ಏಣಿ ಇರಲಿ ಬಾವ. ಮೊದಲು ಆವತ್ತಿನ ಚಾ ಕೊಡಿ."